ರೂಟರಿನ ಹಿಂದೆ ಅಡಗಿದ ದೂರವಾಣಿ

ದೂರವಾಣಿಯ ಗಂಟೆ ಬಾರಿಸುತ್ತದೆ. ರಿಸೀವರನ್ನೆತ್ತಿ "ಹಲೋ" ಎನ್ನುತ್ತೇವೆ. ನಮ್ಮ ಮಾತು ಆಚೆಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ; ಅವರು ಉತ್ತರವನ್ನೂ ಕೊಡುತ್ತಾರೆ. ಆದರೆ ನಮ್ಮ ಕಿವಿಗೆ ಏನೊಂದೂ ಬೀಳುವುದಿಲ್ಲ. ಕೂಗಿ ಕೂಗಿ ಬೇಸತ್ತು ರಿಸೀವರನ್ನು ಕೆಳಗಿಡುತ್ತೇವೆ. ಆ ಕೂಗನ್ನೆಲ್ಲ ಆಚೆಯವರು ಕೇಳುತ್ತಲೇ ಇರುತ್ತಾರೆ!

ತಾಮ್ರದ ತಂತಿಯ ಹಳೆಯ ದೂರವಾಣಿಯಲ್ಲಿ ಇಂಥ ಚೋದ್ಯ ಅಪರೂಪ. ಅಲ್ಲಿ ಹೋಗುವ ಮಾತಿಗೂ ಬರುವ ಮಾತಿಗೂ ಮನೆಯವರೆಗೆ ಇದ್ದುದು ಒಂದೇ ಜೋಡಿ ತಂತಿ. ಅದು ಹರಿದರೆ ಎರಡೂ ನಿಲ್ಲುತ್ತಿದ್ದವು. ಇಂಟರ್‌ನೆಟ್ಟಿನ ಮೂಲಕ ನಡೆಯುವ ದೂರವಾಣಿಯಲ್ಲಾದರೋ ಹೋಗುವ ಮಾತಿನ ಪ್ರವಾಹ ಬೇರೆ, ಬರುವ ಮಾತಿನ ಪ್ರವಾಹ ಬೇರೆ. ಒಂದಕ್ಕೆ ಬಾಗಿಲು ತೆರೆದಿದ್ದು ಇನ್ನೊಂದಕ್ಕೆ ಮುಚ್ಚಿರುವುದು ಸಾಧ್ಯ. ಹಾಗೆ ಮುಚ್ಚುವುದು ಬಹುತೇಕ ನಮ್ಮ ಮನೆಯಲ್ಲಿಯೇ ಇರುವ ರೂಟರು. ಅದು ಹಾಗೇಕೆ ಮಾಡುತ್ತದೆಂಬುದನ್ನು ಅರಿತವನಿಗೆ ಅದರಲ್ಲಿ ಏನನ್ನು ತಿದ್ದಬೇಕು, ಏನನ್ನು ಮುಟ್ಟಬಾರದು ಎಂಬುದು ಮುಕ್ಕಾಲುಪಾಲು ತಾನಾಗಿಯೇ ಹೊಳೆಯುತ್ತದೆ.

ಮೊದಲು ಅಡಾಪ್ಟರನ್ನು ಪರಿಚಯಮಾಡಿಕೊಳ್ಳೋಣ. ಅಂಗೈಯಗಲದ ಪೆಟ್ಟಿಗೆ ಅದು. ಅದರ ಒಂದು ಬದಿಗೆ ಸಾಧಾರಣ ದೂರವಾಣಿಯ ತಂತಿಯನ್ನು ಸಿಕ್ಕಿಸಬೇಕು. ಇನ್ನೊಂದು ಬದಿಯಿಂದ ರೂಟರಿಗೆ ತಂತಿಯನ್ನು ಎಳೆಯಬೇಕು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಎಂಬ ಸಂಸ್ಥೆಯು ಇಂಟರ್‌ನೆಟ್ಟಿನಲ್ಲಿ ಮಾತನಾಡುವ ಸಲಕರಣೆಯನ್ನು ಮಾರಾಟಕ್ಕೆ ತಂದಾಗ ಕಂಪ್ಯೂಟರಿನ ಮುಂದೆ ಮೈಕು ಹಿಡಿದು ಕುಳಿತೇ ಮಾತನಾಡಬೇಕಾಗಿತ್ತು. ಆ ಕಷ್ಟವನ್ನು ತಪ್ಪಿಸಿದ್ದು ಈ ಪೆಟ್ಟಿಗೆ. 2000ದ ದಶಕದ ಮೊದಲ ವರ್ಷಗಳಲ್ಲಿ ಅದು ಅಮೆರಿಕದ ಮನೆಗಳಲ್ಲಿ ಬಳಕೆಗೆ ಬಂದಿತು. ಅಲ್ಲಿ ನೆಲೆಸಿದ ನಮ್ಮವರು ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ತಂದೆತಾಯಿಗಳೊಡನೆ ಗಡಿಯಾರವನ್ನು ನೋಡದೆ ಮಾತನಾಡುವ ಸೌಕರ್ಯ ಇಂತಹ ಸಾಧನಗಳಿಂದ ದೊರೆಯಿತು.

ಈ ಪೆಟ್ಟಿಗೆ ಮಾಡುವುದು ಒಂದು ಬಗೆಯ ವೇಷ. ಮೇಜಿನ ಮೇಲಿರುವ ದೂರವಾಣಿಗೆ ತಾನೇ ದೂರವಾಣಿ ಕೇಂದ್ರವೆಂದು ಅದು ನಂಬಿಸುತ್ತದೆ. ಹಳೆಯ ಕೇಂದ್ರವು ತಂತಿಯ ಮೇಲೆ ಇರಿಸುತ್ತಿದ್ದ ಸುಮಾರು 48 ವೋಲ್ಟಿನ ವಿದ್ಯುತ್ತನ್ನು ಅದು ತನ್ನ ಪುಟ್ಟ 12 ಅಥವಾ 5 ವೋಲ್ಟಿನ ಮೂಲದಿಂದಲೇ ಸಿದ್ಧಪಡಿಸುತ್ತದೆ. ಗಂಟೆ ಬಾರಿಸಲು ಸೆಕೆಂಡಿಗೆ 20ರಿಂದ 25 ಸಲ ದಿಕ್ಕು ಬದಲಿಸುವ, ಹತ್ತಾರು ವೋಲ್ಟುಗಳ ವಿದ್ಯುತ್ತನ್ನು ಹರಿಸುತ್ತದೆ. ರಿಸೀವರನ್ನು ಎತ್ತಿದೊಡನೆ ಕೇಳಿಸುವ "ಗುಂಯ್" ಎಂಬ ನಾದವೂ ಅದರದೇ; ಎಲ್ಲಿಯೋ ದೂರದಲ್ಲಿರುವ ಕೇಂದ್ರದಿಂದ ಬಂದದ್ದಲ್ಲ. ಆದ್ದರಿಂದ ನಾದ ಕೇಳಿಸಿತೆಂದ ಮಾತ್ರಕ್ಕೆ ಮಾತಿನ ದಾರಿ ತೆರೆದಿದೆಯೆಂದು ತಿಳಿಯಬಾರದು. ಅಂದಹಾಗೆ, ಈ ಪೆಟ್ಟಿಗೆಯ ದೂರವಾಣಿ ಬದಿಯನ್ನು ಹಳೆಯ ದೂರವಾಣಿ ಕೇಂದ್ರದ ಸಂಪರ್ಕವಿನ್ನೂ ಇರುವ ಗೋಡೆಯ ಸಾಕೆಟ್ಟಿಗೆ ಎಂದೂ ಜೋಡಿಸಬಾರದು. ಎರಡು ಕೇಂದ್ರಗಳು ಒಂದೇ ತಂತಿಯ ಮೇಲೆ ಎದುರುಬದುರಾದರೆ ಸುಟ್ಟುಹೋಗುವುದು ಚಿಕ್ಕದೇ.

ಮಾತನ್ನು ಈ ಪೆಟ್ಟಿಗೆ ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯನ್ನೂ ಎಂಟು ಬಿಟ್ಟುಗಳ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. 1972ರಲ್ಲಿಯೇ ಅಂತರರಾಷ್ಟ್ರೀಯ ಒಪ್ಪಿಗೆ ಪಡೆದ ಕ್ರಮ ಇದು. ಹೀಗೆ ಬಂದ ಸಂಖ್ಯೆಗಳನ್ನು 160ರಂತೆ ಕಟ್ಟಿ, ಮೇಲೆ ವಿಳಾಸ ಬರೆದು, ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ಒಂದರಂತೆ ಪೊಟ್ಟಣಗಳನ್ನು ಕಳುಹಿಸುತ್ತದೆ. ವಿಳಾಸದ ಭಾರವೂ ಸೇರಿ ಸೆಕೆಂಡಿಗೆ 80,000 ಬಿಟ್ಟುಗಳಷ್ಟು ಆಯಿತು. ಇಂದಿನ ಸಂಪರ್ಕಗಳಿಗೆ ಇದು ಆನೆಯ ಬಾಯಿಗೆ ಅರೆಕಾಸಿನ ಮಜ್ಜಿಗೆ. ಆದುದರಿಂದ ತೊಂದರೆ ಬರುವುದು ದಾರಿ ಕಿರಿದಾಗಿ ಅಲ್ಲ, ವಿಳಾಸ ತಪ್ಪಿ.

ವಠಾರದ ಕಾವಲುಗಾರ

ಇಂಟರ್‌ನೆಟ್ಟಿನಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಸಂಖ್ಯಾವಿಳಾಸವಿರಬೇಕೆಂಬುದು ಮೂಲ ನಿಯಮ. ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಇರುವುದು 4,294,967,296. ಎಂದರೆ 430 ಕೋಟಿಗೆ ಸ್ವಲ್ಪ ಕಡಿಮೆ. ಇವು ಸಾಲವೆಂಬುದು 1990ರ ಸುಮಾರಿಗೇ ಕಂಡುಬಂದಿತು. 2011ರ ಫೆಬ್ರವರಿಯಲ್ಲಿ ಜಾಗತಿಕ ಭಂಡಾರದ ಕೊನೆಯ ಕಂತುಗಳೂ ಹಂಚಿಹೋದವು. ಈ ಬರಗಾಲಕ್ಕೆ 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಒಂದು ಉಪಾಯವನ್ನು ಪ್ರಕಟಿಸಿದರು. ಮನೆಯ ಒಳಗಿನ ಯಂತ್ರಗಳಿಗೆಲ್ಲ ಖಾಸಗಿ ವಿಳಾಸಗಳು. ಹೊರಗಿನ ಜಗತ್ತಿಗೆ ಮಾತ್ರ ಇಡೀ ಮನೆಗೆ ಒಂದೇ ವಿಳಾಸ. ನ್ಯಾಟ್ ಎಂದು ಪ್ರಸಿದ್ಧವಾದ ವಿಳಾಸ ಪರಿವರ್ತನೆಯ ಕ್ರಮ ಹೀಗೆ ಬೆಳೆಯಿತು. ನಿಮ್ಮ ರೂಟರಿನ ಹಿಂದಿರುವ ಯಂತ್ರಗಳ ವಿಳಾಸವು 192.168 ಎಂದೋ 10 ಎಂದೋ ಆರಂಭವಾಗುವುದನ್ನು ನೋಡಿರಬಹುದು. ಅವೇ ಆ ಖಾಸಗಿ ವಿಳಾಸಗಳು. ಅದೇ ಅಂಕೆಗಳು ಲೋಕದ ಕೋಟ್ಯಂತರ ಮನೆಗಳಲ್ಲಿವೆ.

ನಮ್ಮ ಹಳೆಯ ವಠಾರಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬೀದಿಗೆ ಒಂದೇ ಬಾಗಿಲು, ಅದರ ಮೇಲೆ ಒಂದೇ ಸಂಖ್ಯೆ. ಒಳಗೆ ಹತ್ತು ಸಂಸಾರ. ಬಾಗಿಲಲ್ಲಿ ಒಬ್ಬ ಕಾವಲುಗಾರ ಕುಳಿತಿದ್ದಾನೆಂದು ಭಾವಿಸಿ. ಒಳಗಿನ ಯಾರಾದರೂ ಕಾಗದ ಕಳುಹಿಸಿದರೆ ಆತ ಲಕೋಟೆಯ ಮೇಲಿನ "ಹಿತ್ತಲ ಮನೆ" ಎಂಬ ವಿಳಾಸವನ್ನು ಹೊಡೆದು ಬೀದಿಬಾಗಿಲಿನ ಸಂಖ್ಯೆಯನ್ನು ಬರೆಯುತ್ತಾನೆ. ತನ್ನ ಪುಸ್ತಕದಲ್ಲಿ "ಇಂಥ ಊರಿನಿಂದ ಉತ್ತರ ಬಂದರೆ ಹಿತ್ತಲ ಮನೆಗೆ" ಎಂದು ಗುರುತು ಹಾಕಿಕೊಳ್ಳುತ್ತಾನೆ. ಒಳಗಿನವರನ್ನು ಬೇರೆಬೇರೆಯಾಗಿ ಗುರುತಿಸಲು ಪೋರ್ಟ್ ಎಂಬ ಉಪಸಂಖ್ಯೆ ಅವನಿಗೆ ನೆರವಾಗುತ್ತದೆ. ಪುಸ್ತಕದಲ್ಲಿ ಗುರುತಿಲ್ಲದ ಕಾಗದ ಹೊರಗಿನಿಂದ ಬಂದರೆ ಅದು ಯಾರದೆಂದು ಅವನಿಗೆ ತಿಳಿಯದು, ಆದ್ದರಿಂದ ಎಸೆದುಬಿಡುತ್ತಾನೆ. ಗುರುತು ಹಾಕಿ ಬಹಳ ಹೊತ್ತಾಗಿದ್ದರೆ ಅದನ್ನೂ ಅಳಿಸಿಬಿಡುತ್ತಾನೆ.

ಪತ್ರಿಕೆ ಓದುವವನಿಗೆ, ಚಿತ್ರ ನೋಡುವವನಿಗೆ ಈ ಏರ್ಪಾಟು ಧಾರಾಳವಾಗಿ ಸಾಕು. ಅವರು ಕೇಳಿದ ಮೇಲೆ ತಾನೆ ಉತ್ತರ ಬರುವುದು? ದೂರವಾಣಿಯ ಧರ್ಮವೇ ಬೇರೆ. ಅದು ಯಾರೂ ಕೇಳದಿರುವಾಗ, ಹೊರಗಿನವರು ತಾವಾಗಿ ಕರೆದಾಗ, ಗಂಟೆ ಬಾರಿಸಬೇಕಾದ ಯಂತ್ರ.

ಲಕೋಟೆಯ ಮೇಲೊಂದು, ಕಾಗದದೊಳಗೊಂದು

ಕರೆಯನ್ನು ಏರ್ಪಡಿಸುವ ಮಾತುಕತೆಗೆ ಸಿಪ್ ಎಂಬ ನಿಯಮಾವಳಿ ಇದೆ. ಅದರ ಮೊದಲ ರೂಪ 1999ರ ಮಾರ್ಚಿನದು. ತಿದ್ದಿದ ರೂಪ 2002ರ ಜೂನಿನದು. ಇದರಲ್ಲಿ ಪೆಟ್ಟಿಗೆಗಳು ಒಂದಕ್ಕೊಂದು ಓದಬಲ್ಲ ಅಕ್ಷರಗಳಲ್ಲಿಯೇ ಕಾಗದ ಬರೆದುಕೊಳ್ಳುತ್ತವೆ. "ನಾನು ಇಂಥ ಚಂದಾದಾರ, ಇಂಥವರೊಡನೆ ಮಾತನಾಡಬೇಕು, ಅವರ ಧ್ವನಿಯನ್ನು ಈ ವಿಳಾಸಕ್ಕೆ, ಈ ಪೋರ್ಟಿಗೆ ಕಳುಹಿಸಿಕೊಡಿ" ಎಂಬುದು ಕಾಗದದ ಸಾರಾಂಶ. ಅಡಾಪ್ಟರಿಗೆ ತಿಳಿದಿರುವುದು ತನ್ನ ಖಾಸಗಿ ವಿಳಾಸ ಮಾತ್ರ. ಅದನ್ನೇ ಪ್ರಾಮಾಣಿಕವಾಗಿ ಕಾಗದದ ಒಳಗೆ ಬರೆಯುತ್ತದೆ. ಕಾವಲುಗಾರನು ಲಕೋಟೆಯ ಮೇಲಿನ ವಿಳಾಸವನ್ನು ತಿದ್ದುತ್ತಾನೆ. ಕಾಗದವನ್ನು ಬಿಚ್ಚಿ ಓದುವುದು ಅವನ ಕೆಲಸವಲ್ಲ. ಆಚೆಯ ಯಂತ್ರವು ಕಾಗದವನ್ನು ಓದಿ, ಅದರಲ್ಲಿ ಹೇಳಿದಂತೆ ಧ್ವನಿಯನ್ನು "ಹಿತ್ತಲ ಮನೆ"ಗೆ ಕಳುಹಿಸುತ್ತದೆ. ಯಾವ ಊರಿನ ಯಾವ ಹಿತ್ತಲು? ಆ ಪೊಟ್ಟಣಗಳು ಎಲ್ಲಿಗೂ ಸೇರದೆ ನಾಶವಾಗುತ್ತವೆ. ನಮ್ಮ ಧ್ವನಿಯಾದರೋ ಆಚೆಯವರ ಸಾರ್ವಜನಿಕ ವಿಳಾಸಕ್ಕೆ ನೇರವಾಗಿ ಹೋಗಿ ಮುಟ್ಟುತ್ತದೆ. ಒಂದೇ ಕಡೆ ಕೇಳಿಸುವ ದೂರವಾಣಿಯ ರಹಸ್ಯ ಇಷ್ಟೆ.

1994ರ ಆ ಪ್ರಬಂಧದಲ್ಲಿಯೇ, ಪೊಟ್ಟಣದ ಒಳಗೆ ವಿಳಾಸವನ್ನು ಬರೆಯುವ ವ್ಯವಹಾರಗಳಿಗೆ ತಮ್ಮ ಉಪಾಯ ಒಗ್ಗುವುದಿಲ್ಲವೆಂದು ಲೇಖಕರು ಹೇಳಿಬಿಟ್ಟಿದ್ದರು. ಸಿಪ್ ಬಂದದ್ದು ಐದು ವರ್ಷಗಳ ತರುವಾಯ. ತಿಳಿದೂ ತಿಳಿದೂ ಹೀಗೇಕೆ ರಚಿಸಿದರೆಂದು ಕೇಳಬಹುದು. ನ್ಯಾಟ್ ತಾತ್ಕಾಲಿಕ, ಎಲ್ಲ ಯಂತ್ರಗಳಿಗೂ ಸ್ವಂತ ವಿಳಾಸ ಕೊಡುವ ಹೊಸ ಆವೃತ್ತಿ ಬೇಗನೆ ಬರುತ್ತದೆ ಎಂಬ ಭರವಸೆ ಆಗಿನ ತಜ್ಞರಲ್ಲಿ ಬಲವಾಗಿತ್ತು. ತಾತ್ಕಾಲಿಕವಾದದ್ದೇ ಬೇರೂರಿತು.

ಇದೇ ಕಾರಣದ ಇನ್ನೆರಡು ರೂಪಗಳನ್ನು ಗುರುತಿಸಲು ಕಲಿಯಬೇಕು. ಮೊದಲನೆಯದು, ಸರಿಯಾಗಿ ಆರಂಭವಾದ ಕರೆ ಸುಮಾರು ಅರ್ಧ ನಿಮಿಷದಲ್ಲಿ ಕಡಿದುಹೋಗುವುದು. ಕರೆಯನ್ನು ಸ್ವೀಕರಿಸಿದ ಯಂತ್ರವು "ಒಪ್ಪಿದೆ" ಎಂದು ತಿಳಿಸಿ, ಅದು ಮುಟ್ಟಿತೆಂಬ ಮರುಕಾಗದಕ್ಕಾಗಿ ಕಾಯುತ್ತದೆ. ವಿಳಾಸದ ಗೊಂದಲದಿಂದ ಆ ಮರುಕಾಗದ ದಾರಿ ತಪ್ಪಿದರೆ ಮತ್ತೆ ಮತ್ತೆ ತಿಳಿಸಿ, ನಿಯಮಾವಳಿಯಲ್ಲಿ ಗೊತ್ತಾದಂತೆ 32 ಸೆಕೆಂಡು ಕಳೆದ ಮೇಲೆ ಕೈಬಿಡುತ್ತದೆ. ಕರೆಗಳು ಪ್ರತಿಸಲವೂ ಒಂದೇ ಹೊತ್ತಿಗೆ ಕಡಿಯುತ್ತಿದ್ದರೆ ತಂತಿಯನ್ನು ಶಂಕಿಸದೆ ರೂಟರನ್ನು ಶಂಕಿಸುವುದು ಲೇಸು. ಎರಡನೆಯದು, ನಾವು ಕರೆದರೆ ಎಲ್ಲ ಸರಿ, ಹೊರಗಿನವರು ಕರೆದರೆ ಗಂಟೆಯೇ ಇಲ್ಲ ಎಂಬ ದೂರು. ಅಡಾಪ್ಟರು ತಾನಿರುವ ಸ್ಥಳವನ್ನು ಸೇವಾಸಂಸ್ಥೆಯ ಸರ್ವರಿನಲ್ಲಿ ನೋಂದಾಯಿಸುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಈ ನೋಂದಣಿ ನಡೆಯುವುದು 3,600 ಸೆಕೆಂಡಿಗೆ, ಎಂದರೆ ಗಂಟೆಗೆ, ಒಮ್ಮೆ. ರೂಟರಿನ ಪುಸ್ತಕದ ಗುರುತಾದರೋ ಅಷ್ಟು ಹೊತ್ತು ಉಳಿಯದು. ಎರಡು ನಿಮಿಷಕ್ಕೆ ಮೊದಲು ಅಳಿಸಕೂಡದೆಂದು 2007ರಲ್ಲಿ ತಜ್ಞರು ವಿಧಿಸಿದ್ದರೂ 30 ಸೆಕೆಂಡಿಗೇ ಮರೆತುಬಿಡುವ ರೂಟರುಗಳುಂಟು. ಉಳಿದ ಹೊತ್ತೆಲ್ಲ ಆ ಮನೆಯ ದೂರವಾಣಿ ಕಿವುಡು. ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ.

ತಿದ್ದುವ ಕ್ರಮ

ಮೊದಲು ಅಡಾಪ್ಟರಿಗೆ ಮನೆಯೊಳಗೆ ಒಂದು ಸ್ಥಿರವಾದ ವಿಳಾಸವನ್ನು ಕೊಡಬೇಕು. ರೂಟರುಗಳು ವಿಳಾಸಗಳನ್ನು ಆಗಾಗ ಹಂಚುತ್ತವೆ. ಇಂದು ಅಡಾಪ್ಟರಿನದಾದದ್ದು ನಾಳೆ ಮತ್ತೊಂದು ಯಂತ್ರದ ಪಾಲಾಗಬಹುದು. ವಿಳಾಸವನ್ನು ಕಾದಿರಿಸುವ ಅನುಕೂಲ ಹೆಚ್ಚುಕಡಿಮೆ ಎಲ್ಲ ರೂಟರುಗಳಲ್ಲಿದೆ. ಮುಂದಿನ ತಿದ್ದುಪಡಿಗಳಿಗೆ ಇದೇ ತಳಹದಿ.

ಎರಡನೆಯ ಕೆಲಸವೇ ಮುಖ್ಯ. ರೂಟರಿನ ಪುಟಗಳಲ್ಲಿ "ಸಿಪ್ ಎ.ಎಲ್.ಜಿ." ಎಂಬ ಹೆಸರಿನ ಒಂದು ಗುಂಡಿಯಿರುತ್ತದೆ. ಕೆಲವು ಕಡೆ "ಸಿಪ್ ಹೆಲ್ಪರ್" ಎಂದೋ "ಸಿಪ್ ಪಾಸ್‌ಥ್ರೂ" ಎಂದೋ ಬರೆದಿರುತ್ತದೆ. ಇದು ಕಾಗದವನ್ನೂ ಬಿಚ್ಚಿ ಓದಿ ಒಳಗಿನ ವಿಳಾಸವನ್ನು ತಿದ್ದಬಲ್ಲ ಕಾವಲುಗಾರ. ಸಮಸ್ಯೆಗೆ ನೇರವಾದ ಪರಿಹಾರವಲ್ಲವೆ ಎಂದು ತೋರುತ್ತದೆ. ದುರ್ದೈವದಿಂದ ಈ ಕಾವಲುಗಾರನ ವಿದ್ಯೆ ಅರೆಬರೆ. ಒಂದು ಸಾಲನ್ನು ತಿದ್ದಿ ಇನ್ನೊಂದನ್ನು ಬಿಡುತ್ತಾನೆ. ಕಾಗದದಲ್ಲಿ ಎಷ್ಟು ಅಕ್ಷರಗಳಿವೆಯೆಂಬ ಲೆಕ್ಕವನ್ನು ಬದಲಿಸಲು ಮರೆಯುತ್ತಾನೆ. ಸೇವಾಸಂಸ್ಥೆಯ ಸರ್ವರು ತಾನೇ ಮಾಡಿಕೊಳ್ಳಬಲ್ಲ ತಿದ್ದುಪಡಿಗೆ ಅಡ್ಡಬರುತ್ತಾನೆ. ಇಂದಿನ ಸರ್ವರುಗಳು ಒಳಗಿನ ವಿಳಾಸವನ್ನು ನಂಬದೆ, ಧ್ವನಿ ಎಲ್ಲಿಂದ ಬಂದಿತೋ ಅಲ್ಲಿಗೇ ಉತ್ತರದ ಧ್ವನಿಯನ್ನು ಕಳುಹಿಸುವಷ್ಟು ಜಾಣತನವನ್ನು ಸಾಮಾನ್ಯವಾಗಿ ಪಡೆದಿವೆ. ಅವಕ್ಕೆ ಬೇಕಾದುದು ಕಾಗದ ಮೂಲರೂಪದಲ್ಲಿ ಬರುವುದಷ್ಟೆ. ಆದ್ದರಿಂದ ಸೇವಾಸಂಸ್ಥೆ ಬೇರೆ ಹೇಳದಿದ್ದರೆ ಈ ಗುಂಡಿಯನ್ನು ಆರಿಸಿ ರೂಟರು ಅಡಾಪ್ಟರುಗಳೆರಡನ್ನೂ ಮತ್ತೆ ಚಾಲೂಮಾಡಬೇಕು. ಸಹಾಯ ಮಾಡಲು ಬಂದವನನ್ನೇ ಮೊದಲು ಹೊರಗೆ ಕಳುಹಿಸಬೇಕಾದ ಪ್ರಸಂಗ ಯಂತ್ರಲೋಕದಲ್ಲಿಯೂ ಉಂಟು. ಆರಿಸಲು ಆಗದ ರೂಟರಾದರೆ, ಸೇವಾಸಂಸ್ಥೆ ಒಪ್ಪುವ ಪಕ್ಷದಲ್ಲಿ, ಸಿಪ್ ಕಾಗದಗಳನ್ನು ಗೂಢಲಿಪಿಯಲ್ಲಿ ಕಳುಹಿಸುವಂತೆ ಅಡಾಪ್ಟರನ್ನು ಹೊಂದಿಸಬಹುದು. ಓದಲಾಗದ ಕಾಗದವನ್ನು ಯಾರು ತಿದ್ದಿಯಾರು?

ಗಂಟೆ ಬಾರಿಸದ ದೂರಿಗೆ ಮದ್ದು ಅಡಾಪ್ಟರಿನಲ್ಲಿಯೇ ಇದೆ. "ನ್ಯಾಟ್ ಕೀಪ್ ಅಲೈವ್" ಎಂಬುದನ್ನು ಹಚ್ಚಿ 20 ಸೆಕೆಂಡು ಎಂದು ಬರೆದರೆ ಅದು ಅಷ್ಟಷ್ಟು ಹೊತ್ತಿಗೆ ಒಂದು ಚಿಕ್ಕ ಪೊಟ್ಟಣವನ್ನು ಹೊರಗೆ ಕಳುಹಿಸುತ್ತಿರುತ್ತದೆ. ಕಾವಲುಗಾರನ ಪುಸ್ತಕದ ಗುರುತು ಅಳಿಯುವುದಿಲ್ಲ. ಜೊತೆಗೆ "ಸ್ಟನ್" ಎಂಬ ಇನ್ನೊಂದು ಸೌಲಭ್ಯವಿದೆ. 2003ರಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಅಡಾಪ್ಟರು ಹೊರಗಿನ ಒಂದು ಸರ್ವರಿಗೆ "ನಾನು ನಿನಗೆ ಯಾವ ವಿಳಾಸದಿಂದ ಕಾಣಿಸುತ್ತಿದ್ದೇನೆ?" ಎಂದು ಕೇಳಿ, ಬಂದ ಉತ್ತರವನ್ನೇ ಕಾಗದದಲ್ಲಿ ಬರೆಯುತ್ತದೆ. ಸೇವಾಸಂಸ್ಥೆ ಕೇಳಿದ್ದರೆ ಮಾತ್ರ ಇದನ್ನು ಹಚ್ಚುವುದು ಸರಿ. ಒಂದೇ ಕೆಲಸಕ್ಕೆ ಮೂವರು ತಿದ್ದುಗಾರರನ್ನು ನೇಮಿಸಿ ಕೆಡಿಸಿಕೊಂಡವರೇ ಹೆಚ್ಚು.

ಪೋರ್ಟುಗಳನ್ನು ತೆರೆದಿಡುವುದು ಕೊನೆಯ ಉಪಾಯ. ಸಿಪ್‌ಗೆ ವಾಡಿಕೆಯ 5060ನೆಯ ಪೋರ್ಟನ್ನೂ ಧ್ವನಿಗಾಗಿ ಅಡಾಪ್ಟರು ಬಳಸುವ ಪೋರ್ಟುಗಳ ಸಾಲನ್ನೂ ನೇರವಾಗಿ ಅದರ ವಿಳಾಸಕ್ಕೆ ತಿರುಗಿಸುವಂತೆ ರೂಟರಿಗೆ ಹೇಳಬಹುದು. ಇದನ್ನೇ ಮೊದಲ ಮದ್ದೆಂದು ಹಲವರು ಸಾರುತ್ತಾರೆ. ನಾವು ಹಾಗೆ ಹೇಳಲಾರೆವು. 5060ನೆಯ ಪೋರ್ಟು ತೆರೆದಿರುವ ಮನೆಗಳನ್ನು ಹುಡುಕುತ್ತ ಅಲೆಯುವ ಯಂತ್ರಗಳು ಇಂಟರ್‌ನೆಟ್ಟಿನಲ್ಲಿ ಹಗಲಿರುಳೂ ಇವೆ. ನಡುರಾತ್ರಿಯಲ್ಲಿ ಗಂಟೆ ಬಾರಿಸಿ, ಎತ್ತಿದರೆ ಯಾರೂ ಇಲ್ಲದ ಭೂತದ ಕರೆಗಳು ಬಹುತೇಕ ಅವುಗಳ ಕೃತ್ಯ. ಪೆಟ್ಟಿಗೆಯ ಗುಪ್ತಪದ ಕಾರ್ಖಾನೆಯಿಂದ ಬಂದದ್ದೇ ಆಗಿದ್ದರೆ ನಮ್ಮ ಲೆಕ್ಕದಲ್ಲಿ ದೂರದೇಶಗಳಿಗೆ ಕರೆಮಾಡುವ ಕಳ್ಳರೂ ಒಳಬಂದಾರು. ತೆರೆಯಲೇಬೇಕಾದರೆ ಸೇವಾಸಂಸ್ಥೆಯ ವಿಳಾಸದಿಂದ ಬಂದವುಗಳಿಗೆ ಮಾತ್ರ ತೆರೆಯಬೇಕು.

ಈ ಉಪಾಯವೂ ಫಲಿಸದ ಮನೆಗಳಿವೆ. ರೂಟರಿನ ಸ್ಥಿತಿ ತೋರಿಸುವ ಪುಟದಲ್ಲಿ ಅದರ ಹೊರಗಿನ ವಿಳಾಸವನ್ನು ನೋಡಿ. ಅದೂ 192.168 ಅಥವಾ 10 ಎಂದು ಆರಂಭವಾದರೆ ಸಾಮಾನ್ಯವಾಗಿ ನಿಮ್ಮ ರೂಟರಿನ ಮುಂದೆ ಇನ್ನೊಂದು ರೂಟರು ಕುಳಿತಿದೆಯೆಂದು ಅರ್ಥ. ಸಂಪರ್ಕ ಕೊಟ್ಟವರ ಪೆಟ್ಟಿಗೆಯೇ ಅದಾಗಿದ್ದರೆ, ಅದು ವಿಳಾಸ ಬದಲಿಸುವುದನ್ನು ನಿಲ್ಲಿಸಿ ಬರಿಯ ಸೇತುವೆಯಂತೆ ಇರುವ ಹಾಗೆ ಹೊಂದಿಸಬಹುದು. 100.64ರಿಂದ 100.127ರವರೆಗಿನ ಸಂಖ್ಯೆಯಾದರೆ ಸಂಪರ್ಕ ಕೊಡುವ ಕಂಪನಿಯೇ ಅನೇಕ ಮನೆಗಳನ್ನು ಒಂದು ಮಹಾವಠಾರದಲ್ಲಿ ಕೂಡಿಹಾಕಿದೆ. ಅಲ್ಲಿ ನಮ್ಮ ಬಾಗಿಲನ್ನು ಎಷ್ಟು ತೆರೆದರೂ ವ್ಯರ್ಥ. ಒಳಗಿನಿಂದ ಆಗಾಗ ತಟ್ಟುತ್ತಿರುವ ಚಿಕ್ಕ ಪೊಟ್ಟಣಗಳೇ ಗತಿ.

ಇನ್ನು ಮಾತು ತುಂಡುತುಂಡಾಗಿ ಕೇಳಿಸುವ ದೂರು. ಇದರ ಕಾರಣ ವಿಳಾಸವಲ್ಲ, ಸರದಿ. ಮಾತು ಬಾಯಿಂದ ಕಿವಿಗೆ ಸೆಕೆಂಡಿನ ಸಾವಿರದಲ್ಲಿ 150 ಭಾಗದೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಮನೆಯಲ್ಲಿ ಯಾರೋ ಮದುವೆಯ ಚಲನಚಿತ್ರವನ್ನು ಹೊರಗೆ ಕಳುಹಿಸುತ್ತಿದ್ದಾರೆಂದುಕೊಳ್ಳಿ. ಮೋಡೆಮ್ಮಿನ ಉಗ್ರಾಣದಲ್ಲಿ 256 ಕಿಲೋಬೈಟುಗಳ ಸಾಲು ನಿಂತಿದ್ದು, ಹೊರಹೋಗುವ ವೇಗ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳಾದರೆ, ಆ ಸಾಲಿನ ಕೊನೆಯಲ್ಲಿ ನಿಂತ ನಮ್ಮ "ಹಲೋ" ಹೊರಡುವುದು ಎರಡು ಸೆಕೆಂಡುಗಳ ತರುವಾಯ. ರೂಟರಿನಲ್ಲಿ ಧ್ವನಿಯ ಪೊಟ್ಟಣಗಳಿಗೆ ಅಗ್ರಪ್ರಾಶಸ್ತ್ಯ ಕೊಡುವ ಏರ್ಪಾಟು ಇರುತ್ತದೆ. ಆದರೆ ಸಾಲು ಮೋಡೆಮ್ಮಿನಲ್ಲಿ ನಿಂತಿದ್ದರೆ ರೂಟರಿನ ಪ್ರಾಶಸ್ತ್ಯದಿಂದ ಏನು ಪ್ರಯೋಜನ? ಹೊರಹೋಗುವ ವೇಗವನ್ನು ಅಳೆದು, ಅದರಲ್ಲಿ ನೂರಕ್ಕೆ 85ರಿಂದ 90ರಷ್ಟನ್ನು ಮಾತ್ರ ರೂಟರಿನ ಮಿತಿಯಾಗಿ ಬರೆಯಬೇಕು. ಆಗ ಸಾಲು ರೂಟರಿನಲ್ಲಿಯೇ ನಿಲ್ಲುತ್ತದೆ, ಮಾತು ಮುಂದೆ ಹೋಗುತ್ತದೆ. ಪ್ರಾಶಸ್ತ್ಯವನ್ನು ಮಾತ್ರ ಕೊಟ್ಟು ಮಿತಿಯನ್ನು ಬರೆಯದೆ ಬಿಡುವುದರಿಂದಲೇ ಈ ಏರ್ಪಾಟಿಗೆ ಕೆಟ್ಟ ಹೆಸರು ಬಂದಿದೆ.

ನಮ್ಮ ದೇಶದಲ್ಲಿ ಸಾಧಾರಣ ದೂರವಾಣಿಗೆ ಸೇರುವ ಇಂಟರ್‌ನೆಟ್ ಕರೆಗಳಿಗೆ ದೂರಸಂಪರ್ಕ ಇಲಾಖೆಯು 2018ರಲ್ಲಿ ಪರವಾನಗಿಯ ನಿಯಮಗಳನ್ನು ತಿದ್ದಿ ದಾರಿಮಾಡಿತು. ಗಾಜಿನ ಎಳೆಯ ಸಂಪರ್ಕ ಬಂದ ಮನೆಗಳಲ್ಲಿ ಪ್ರತ್ಯೇಕ ಅಡಾಪ್ಟರು ಅನೇಕ ವೇಳೆ ಕಾಣುವುದಿಲ್ಲ. ಕಂಪನಿಯವರ ಪೆಟ್ಟಿಗೆಯಲ್ಲಿಯೇ ದೂರವಾಣಿಯ ತೂತು ಇರುತ್ತದೆ, ಒಳಗೆ ನಡೆಯುವ ವೇಷ ಮಾತ್ರ ಇದೇ. ಆ ಪೆಟ್ಟಿಗೆಯ ಹಿಂದೆ ಸ್ವಂತ ರೂಟರನ್ನು ಇಡುವವರು ದೂರವಾಣಿಯನ್ನು ಕಂಪನಿಯ ಪೆಟ್ಟಿಗೆಯಲ್ಲಿಯೇ ಬಿಡುವುದು ಕ್ಷೇಮ.

ಇಷ್ಟೆಲ್ಲ ಶ್ರಮ ಬರಿಯ ಹರಟೆಗಾಗಿ ಅಲ್ಲ. ಅಮೆರಿಕದಲ್ಲಿ ಇಂಟರ್‌ನೆಟ್ ದೂರವಾಣಿಯಿಂದ 911ಕ್ಕೆ ಮಾಡಿದ ತುರ್ತು ಕರೆಗಳು ಪೊಲೀಸರಿಗೆ ಮುಟ್ಟದೆಹೋದ ಪ್ರಸಂಗಗಳು ನಡೆದ ಮೇಲೆ, 2005ರಲ್ಲಿ ಅಲ್ಲಿನ ಫೆಡರಲ್ ಸಂಪರ್ಕ ಆಯೋಗವು ಸಾಧಾರಣ ದೂರವಾಣಿ ಜಾಲಕ್ಕೆ ಸೇರುವ ಇಂಟರ್‌ನೆಟ್ ದೂರವಾಣಿ ಸೇವೆಗಳೆಲ್ಲ ತುರ್ತು ಕರೆಯನ್ನು ಸರಿಯಾದ ಸ್ಥಳಕ್ಕೆ ಮುಟ್ಟಿಸಲೇಬೇಕೆಂದು ಆಜ್ಞೆ ಮಾಡಿತು. ಮನೆ ಎಲ್ಲಿದೆಯೆಂಬುದನ್ನು ಚಂದಾದಾರನೇ ನೋಂದಾಯಿಸಬೇಕು. ಅಡಾಪ್ಟರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬೇರೆ ಊರಿಗೆ ಹೋದವನು ಅದನ್ನು ತಿದ್ದದಿದ್ದರೆ ಆಂಬ್ಯುಲೆನ್ಸು ಹಳೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ತಾಮ್ರದ ತಂತಿಯ ದೂರವಾಣಿಯನ್ನು ಪೂರ್ಣವಾಗಿ ನಿಲ್ಲಿಸುವ ಗಡುವನ್ನು 2025ರ ಕೊನೆಯಿಂದ 2027ರ ಜನವರಿಗೆ ಮುಂದೂಡಲಾಯಿತು. ಒಂಟಿಯಾಗಿರುವ ವೃದ್ಧರು ಬಿದ್ದಾಗ ಒತ್ತುವ ಕೊರಳ ಗುಂಡಿಗಳು ಹೊಸ ಸಂಪರ್ಕದಲ್ಲಿ ಕೆಲಸ ಮಾಡುವುವೇ ಎಂಬ ಆತಂಕ ಅದರ ಮುಖ್ಯ ಕಾರಣಗಳಲ್ಲೊಂದು. ಹಳೆಯ ದೂರವಾಣಿಗೆ ವಿದ್ಯುತ್ತು ಕೇಂದ್ರದಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ನುಡಿಯುತ್ತಿತ್ತು. ಅಡಾಪ್ಟರು ಮನೆಯ ದೀಪದೊಡನೆಯೇ ಆರುತ್ತದೆ. ಬೇರೆ ದಾರಿಯಿಲ್ಲದವರಿಗೆ ವಿದ್ಯುತ್ತು ನಿಂತ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಸಾಧ್ಯವಾಗುವ ಏರ್ಪಾಟು ಮಾಡಬೇಕೆಂದು ಅಲ್ಲಿನ ಆಫ್‌ಕಾಮ್ ಸಂಸ್ಥೆ ಕಂಪನಿಗಳಿಗೆ ಸೂಚಿಸಿದೆ.

ಆದ್ದರಿಂದ ತಿದ್ದುಪಡಿಗಳಾದ ಮೇಲೆ ಪರೀಕ್ಷೆಯನ್ನೂ ಆ ದೃಷ್ಟಿಯಿಂದಲೇ ಮಾಡಬೇಕು. ತಿದ್ದಿದ ಕೂಡಲೆ ಕರೆದು ನೋಡಿದರೆ ಸಾಲದು. ಆಗ ಕಾವಲುಗಾರನ ಪುಸ್ತಕದಲ್ಲಿ ಗುರುತು ಹಸಿಯಾಗಿಯೇ ಇರುತ್ತದೆ. ದೂರವಾಣಿಯನ್ನು ಒಂದು ಗಂಟೆ ಯಾರೂ ಮುಟ್ಟದೆ ಬಿಟ್ಟು, ಅನಂತರ ಹೊರಗಿನ ಮೊಬೈಲಿನಿಂದ ಕರೆಯಬೇಕು. ಗಂಟೆ ಬಾರಿಸಿದರೆ ಎರಡು ಕಡೆಯವರೂ ಸರದಿಯಂತೆ ಒಂದರಿಂದ ಇಪ್ಪತ್ತರವರೆಗೆ ಎಣಿಸಿ, ಒಬ್ಬರದು ಇನ್ನೊಬ್ಬರಿಗೆ ಕೇಳಿಸಿತೇ ಎಂದು ವಿಚಾರಿಸಿ, ಒಂದು ನಿಮಿಷ ದಾಟುವವರೆಗೆ ಮಾತು ಮುಂದುವರಿಸಬೇಕು. ಬಳಿಕ ದೊಡ್ಡ ಕಡತವೊಂದನ್ನು ಹೊರಗೆ ಕಳುಹಿಸುತ್ತ ಮತ್ತೊಮ್ಮೆ ಮಾತನಾಡಬೇಕು. ಕೊನೆಗೆ ಮನೆಯ ವಿದ್ಯುತ್ತನ್ನು ಆರಿಸಿ, ಬ್ಯಾಟರಿಯ ಮೇಲೆ ಅಡಾಪ್ಟರು, ರೂಟರು, ಮೋಡೆಮ್ಮು ಮೂರೂ ಎಷ್ಟು ಹೊತ್ತು ನಿಲ್ಲುತ್ತವೆಂಬುದನ್ನು ಗಡಿಯಾರ ಹಿಡಿದು ನೋಡಿ, ಆ ನಿಮಿಷಗಳನ್ನು ದೂರವಾಣಿಯ ಅಡಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಅಂಟಿಸಬೇಕು.